ಅಳುವ ರೀಲು

ಕಿರುಗಾವಲಿನ ಸಮುದಾಯ ಭವನದ ಗೋಡೆಗೆ ಶನಿವಾರ ಸಂಜೆ ಬಿಳಿ ಪರದೆ ಏರಿತೆಂದರೆ ಮರಿಸಿದ್ದಯ್ಯನ ಹೊಟ್ಟೆಯೊಳಗೆ ಯಾರೋ ಕೆಂಡ ಕೆದಕಿದಂತಾಗುತ್ತಿತ್ತು. ಪರದೆ ಕಟ್ಟುತ್ತಿದ್ದವನು ಶಶಿಧರ್. ಹತ್ತಿರದ ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ನೌಕರಿ, ಹೆಂಡತಿಯ ಊರು ಕಿರುಗಾವಲು. ಒಂದು ಲ್ಯಾಪ್‌ಟಾಪು, ಟಿಫನ್ ಡಬ್ಬಿಯಷ್ಟೇ ಇದ್ದ ಒಂದು ಪ್ರೊಜೆಕ್ಟರು ತಂದು ಹೈಸ್ಕೂಲು ಮಕ್ಕಳಿಗೆ ವಾರಕ್ಕೊಂದು ಸಿನಿಮಾ ತೋರಿಸುತ್ತಿದ್ದ. ಕಷ್ಟಕ್ಕೆ ಸಿಕ್ಕಿ ಎದ್ದು ನಿಂತವರ ಕತೆಗಳು. ಮನೆಮಂದಿಯೆಲ್ಲ ಕೂತು ನೋಡುವಂಥವು.

"ಅದೂ ಒಂದು ಮಿಸನ್ನಾ? ಕಾಫಿ ಲೋಟ ಇದ್ದಂಗದೆ" ಎಂದು ಮರಿಸಿದ್ದಯ್ಯ ಜಗಲಿಯ ಮೇಲಿಂದ ಉಗುಳಿದ.

"ಅವನು ಪರ್ದೆ ಕಟ್ಟುದ್ರೆ ನಿಂಗ್ಯಾಕೆ ಒಟ್ಟೆ ಉರಿ?" ಎಂದಳು ಹೆಂಡತಿ ಹೊಂಬಾಳಮ್ಮ, ಅವರೆಕಾಯಿ ಬಿಡಿಸುತ್ತ.

"ಉರಿ ಯಾಕಮ್ಮಿ? ನಾನ್ ಕಾಣದ ಸಿನಿಮಾನಾ?"

ಅದು ಸುಳ್ಳೇನಲ್ಲ. ಮಳವಳ್ಳಿ, ಮದ್ದೂರು ಸೀಮೆಯಲ್ಲಿ ಡೇರೆ ಹಾಕುತ್ತಿದ್ದ ಟೂರಿಂಗ್ ಟಾಕೀಸಿನಲ್ಲಿ ಹರೆಯದಿಂದ ತಲೆ ನರೆಯುವ ತನಕ ಸಿನಿಮಾ ಮಿಷನ್ನು ಓಡಿಸಿದವನು ಅವನು. ಬೀದಿಯಲ್ಲಿ ನಡೆದರೆ ಹೆಂಗಸರು ಸೊಂಟದ ಕೂಸಿಗೆ "ಅಗೋ, ಮಿಸನ್ನು ಮರಿಸಿದ್ದಯ್ಯ" ಎಂದು ತೋರಿಸುತ್ತಿದ್ದರು. ಅವನಿಗೊಂದು ಕೈಚಳಕ ಒಲಿದಿತ್ತು. ಕತೆಯ ನಡುವೆ ನಾಯಕ ಒದೆ ತಿಂದು ಬಿದ್ದು, ತಾಯಿ ಗೋಳಾಡುವ ಭಾಗ ಬಂದರೆ ಜನ ಬೀಡಿ ಹಚ್ಚಲು ಎದ್ದು ಹೋಗುವರು, ಇಲ್ಲವೇ ಡೇರೆಯ ಮೇಲೆ ಕಲ್ಲು ಬೀಳುವುದು. ಅದಕ್ಕೆ ಆ ಒಂದು ರೀಲನ್ನು ಮರಿಸಿದ್ದಯ್ಯ ಹಾಕುತ್ತಲೇ ಇರಲಿಲ್ಲ. "ಅಳೋ ರೀಲು ಬುಟ್ಬುಡು" ಎನ್ನುವುದು ಡೇರೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಬಿದ್ದವನು ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಗೆಲ್ಲುತ್ತಿದ್ದ. ಜನ ಶಿಳ್ಳೆ ಹೊಡೆದು ಮನೆಗೆ ಹೋಗುತ್ತಿದ್ದರು.

ಆದರೆ ಶಶಿಧರನ ಮೇಲಿನ ಉರಿಗೆ ಮಿಷನ್ನೊಂದೇ ಕಾರಣವಲ್ಲ. ಮೊಮ್ಮಗಳು ನಯನ ಹತ್ತನೆಯ ಕ್ಲಾಸಿನ ಗಣಿತದಲ್ಲಿ ಫೇಲಾದ ಮೇಲೆ ಅಂಗಡಿಗೂ ಹೋಗದೆ ಒಳಮನೆ ಸೇರಿದ್ದಳು. "ಇನ್ನೊಂದ್ ಸಲ ಬರಿ, ನಮ್ಮವ್ವ" ಎಂದು ತಾತ ಬೇಡಿಕೊಂಡರೆ ಗೋಡೆಯ ಕಡೆ ಮಗ್ಗುಲಾದಳು. ಅವಳಿಗೆ ಇಷ್ಟವೆಂದು ಮದ್ದೂರಿಗೆ ಬಸ್ಸು ಹತ್ತಿ ಹೋಗಿ ವಡೆ ಕಟ್ಟಿಸಿ ತಂದ. ಅದು ಪೊಟ್ಟಣದಲ್ಲೇ ತಣ್ಣಗಾಯಿತು. ಅಂಥವಳು, ಶಶಿಧರ್ ಬಾಗಿಲಲ್ಲಿ ನಿಂತು "ಸಿನಿಮಾ ಇದೆ, ಬಾಮ್ಮ" ಎಂದು ಒಂದೇ ಮಾತು ಕರೆದದ್ದಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಅಂದಿನಿಂದ ಪ್ರತಿ ಶನಿವಾರವೂ ಅಷ್ಟೆ. ತಾನು ಎತ್ತಿ ಆಡಿಸಿದ ಕೂಸು ಮಾತು ಕೇಳಿದ್ದು ಯಾರದೋ ಕಾಫಿ ಲೋಟದ್ದು!

ಆ ಶನಿವಾರ ಮಧ್ಯಾಹ್ನ ಶಶಿಧರ್ ಸಿನಿಮಾವನ್ನು ಒಮ್ಮೆ ಓಡಿಸಿ ನೋಡುತ್ತಿದ್ದಾಗ, ಹುಳುಕು ಹುಡುಕಲೆಂದೇ ಮರಿಸಿದ್ದಯ್ಯ ಹೋಗಿ ಕೂತ. ತೊದಲುವ ಹುಡುಗಿಯೊಬ್ಬಳ ಕತೆ. ಭಾಷಣ ಸ್ಪರ್ಧೆಗೆ ಹೋಗಿ ವೇದಿಕೆಯ ಮೇಲೆ ಮಾತು ಹೊರಡದೆ ನಿಲ್ಲುತ್ತಾಳೆ, ಸಭೆಯೆಲ್ಲ ನಗುತ್ತದೆ, ಮನೆಗೆ ಬಂದು ಕದ ಹಾಕಿಕೊಳ್ಳುತ್ತಾಳೆ. ಕೊನೆಗೆ ಗೆಲ್ಲುತ್ತಾಳೆನ್ನಿ. ಆದರೆ ಆ ಮುಚ್ಚಿದ ಕದ ನೋಡಿ ಮುದುಕನಿಗೆ ಒಳಮನೆ ಸೇರಿದ್ದ ನಯನ ನೆನಪಾದಳು. ಇದನ್ನು ನನ್ನ ಕೂಸಿಗೆ ತೋರಿಸುತ್ತಾನಾ ಇವನು?

ಸಂಜೆಯೂ ಮರಿಸಿದ್ದಯ್ಯ ಹೋಗಿ ಮಿಷನ್ನಿನ ಪಕ್ಕದಲ್ಲೇ ಕೂತ. ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಿಗೆ ಶಶಿಧರನಿಗೆ ಕೆಲಸದ ಕಡೆಯಿಂದ ಫೋನು ಬಂತು.

"ಅಯ್ಯ, ಅರ್ಜೆಂಟಾಗಿ ಹೋಗ್ಬೇಕು. ನೀವೇ ನೋಡ್ಕೊಳಿ. ಈ ಬಾಣದ ಗುರುತು ಒತ್ತುದ್ರೆ ಮುಂದಕ್ಕೆ, ಇದು ಹಿಂದಕ್ಕೆ."

"ನಂಗೇ ಯೇಳ್ಕೊಡ್ತೀಯೇನ್ಲಾ? ಓಗು, ಓಗು."

ಮಿಷನ್ನಿನ ಮುಂದೆ ಕೂತಾಗ ಮರಿಸಿದ್ದಯ್ಯನ ಬೆನ್ನು ತಾನಾಗಿ ನೆಟ್ಟಗಾಯಿತು. ಹುಡುಗಿ ವೇದಿಕೆ ಹತ್ತಿದಳು. ಬೆರಳಿಗೆ ಹಳೆಯ ಅಭ್ಯಾಸ ನೆನಪಾಯಿತು. ಮುಂದಕ್ಕೆ, ಮುಂದಕ್ಕೆ. ಪರದೆಯ ಮೇಲೆ ಅದೇ ಹುಡುಗಿ ಹಾರ ಹಾಕಿಸಿಕೊಂಡು ನಗುತ್ತಿದ್ದಳು.

ಶಿಳ್ಳೆಗೆ ಕಾದ. ಮಕ್ಕಳು ಮುಖ ಮುಖ ನೋಡಿಕೊಂಡರು.

"ಇದೇನ್ಲಾ, ಸ್ಟೇಜ್ ಅತ್ತೋದ್ರೊಳಗೆ ಗೆದ್ಬುಟ್ಳು!"

"ಮಾತ್ರೆ ನುಂಗುದ್ಲೇನೋ ಕಣ್ಲಾ!"

ಭವನದ ತುಂಬ ನಗು. ಆ ನಗುವಿನ ನಡುವೆ ನಯನ ಎದ್ದು ನಿಂತಳು.

"ತಾತ, ವಾಪಸ್ ಬುಡು."

"ಬ್ಯಾಡ ಕಣವ್ವ. ಅಲ್ಲೇನದೆ? ಕದ ಆಕ್ಕೊಂಡು ಬರೀ ಅಳು."

"ಅಳ್ಳಿ ಬುಡು. ಅವ್ಳು ಎಂಗೆ ಕದ ತಗ್ದು ಆಚೆ ಬಂದ್ಳು ಅಂತ ನಾನ್ ನೋಡ್ಬೇಕು. ಅದ್ನೇ ಕಿತ್ತಾಕ್ಬುಟ್ರೆ ಇನ್ನೇನ್ ನೋಡಾನ ಇಲ್ಲಿ?"

ಮಕ್ಕಳೆಲ್ಲ ತಿರುಗಿ ನೋಡುತ್ತಿದ್ದರು. ಇಷ್ಟು ದಿನ ಯಾರ ಕಣ್ಣಿಗೂ ಬೀಳದೆ ಕೂತಿದ್ದ ಹುಡುಗಿ ನಟ್ಟ ನಡುವೆ ನಿಂತಿದ್ದಳು, ಕೂರುವ ಲಕ್ಷಣವಿರಲಿಲ್ಲ. ಮರಿಸಿದ್ದಯ್ಯ ಹಿಂದಕ್ಕೆ ಹೋಗುವ ಬಾಣ ಒತ್ತಿದ.

ವೇದಿಕೆಯ ಮೇಲೆ ಹುಡುಗಿ ಮೂಕಿಯಾಗಿ ನಿಂತಳು. ಸಭೆ ನಕ್ಕಿತು. ಕದ ಮುಚ್ಚಿತು. ಭವನದಲ್ಲಿ ಯಾರೂ ಎದ್ದು ಹೋಗಲಿಲ್ಲ. ಮರಿಸಿದ್ದಯ್ಯ ಪರದೆಯನ್ನು ಬಿಟ್ಟು ಮೊಮ್ಮಗಳ ಮುಖವನ್ನೇ ನೋಡುತ್ತಿದ್ದ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲೂ ಇಲ್ಲ. ಕದ ತೆರೆದಾಗ ಒಂದು ಉದ್ದ ಉಸಿರು ಬಿಟ್ಟಳು, ಅಷ್ಟೆ.

ಮನೆಗೆ ನಡೆಯುವಾಗ ಅವಳೇ ಮಾತು ತೆಗೆದಳು.

"ತಾತ, ನೀನು ಡೇರೇಲಿ ಬುಟ್ಬುಡ್ತಿದ್ದ ರೀಲ್ನಲ್ಲೆಲ್ಲ ಏನಿತ್ತು? ನೋಡಿದ್ದೀಯಾ?"

"ನಾನ್ ನೋಡ್ದೆ ಇನ್ಯಾರು ನೋಡಾರು? ನಾನೊಬ್ನೇ ಕಣವ್ವ ನೋಡಿರಾದು."

"ಅಂಗಾರೆ ದಿನಾ ಒಂದೊಂದು ಯೇಳು. ಬೆಳಿಗ್ಗೆ ಬ್ಯಾಡ, ಸಂಜೆ. ಬೆಳಿಗ್ಗೆ ಲೆಕ್ಕ ಮಾಡ್ಬೇಕು. ಪರೀಕ್ಷೆ ಬರೀತೀನಿ."

ಶಶಿಧರನಿಗೆ ಗೊತ್ತಿಲ್ಲದ ಕತೆಗಳು ತನ್ನ ಹತ್ತಿರ ಅದೆಷ್ಟಿವೆ ಎಂದು ಮುದುಕನ ಮನಸ್ಸು ಆಗಲೇ ಹಿಗ್ಗತೊಡಗಿತ್ತು.

"ಸಸಿದರಣ್ಣನ್ನೂ ಕರೀಲಾ ತಾತ, ಕೇಳಕ್ಕೆ?"

ಮರಿಸಿದ್ದಯ್ಯ ಹೆಗಲ ಮೇಲಿನ ಟವಲು ಕೊಡವಿ ಮತ್ತೆ ಹಾಕಿಕೊಂಡ.

"ಬರ್ಲಿ ಬುಡು," ಎಂದ. "ಹಿಂದ್ಗಡೆ ಕೂತ್ಕಂಡು ಕೇಳ್ಲಿ."