ಬೇಳೆ ಮಿಲ್ಲಿನ ಅಂಗಳದ ಆಟಗಾರ್ತಿ

ಉಪ್ಪಿನಕಾಯಿ ಭರಣಿ ನಮ್ಮ ಅಡುಗೆಮನೆಯಲ್ಲಿ ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲಿರುತ್ತದೆ. ಸ್ಟೂಲು ಹಾಕಿಕೊಳ್ಳದೆ, ಎರಡೂ ಹಿಮ್ಮಡಿ ನೆಲಕ್ಕೂರಿ, ಅದನ್ನು ಒಂದೇ ಕೈಯಲ್ಲಿ ಇಳಿಸುತ್ತಿದ್ದವಳು ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ‘ದೊಡ್ಡಾಕಿ ಕೈ ಮುಗಿಲಿಗೆ ಮುಟ್ಟತಾವ, ಸಣ್ಣಾಕಿವು ಹಿಟ್ಟಿನ ಬುಟ್ಟಿಗೆ’ ಎಂದು ಅತ್ತೆ ಬಂದವರೆದುರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಎರಡು ಮಕ್ಕಳಾದ ಮೇಲೆ ಆಕೆಗೆ ಕಾಲೇಜಿನ ಬಾಸ್ಕೆಟ್‌ಬಾಲ್ ಮತ್ತೆ ನೆನಪಾಯಿತು. ತನ್ನನ್ನೂ ಸೇರಿಸಿ ನಮ್ಮ ಹುಮನಾಬಾದಿನ ನಾಲ್ವರು, ಬಸವಕಲ್ಯಾಣದಿಂದ ಬಸ್ಸಿಗೆ ಬರುವ ಐವರು ಹುಡುಗಿಯರನ್ನು ಕೂಡಿಸಿ ತಂಡ ಕಟ್ಟಿದಳು. ನಮ್ಮೂರ ಬೇಳೆ ಮಿಲ್ಲಿನ ಸಿಮೆಂಟ್ ಅಂಗಳದಲ್ಲಿ ಎರಡು ಕಂಬ ನಿಲ್ಲಿಸಿದರು. ಸುತ್ತಲಿನ ಊರುಗಳ ಸಣ್ಣ ಲೀಗಿಗೆ ಸೇರಬೇಕಾದರೆ ಪಟ್ಟಿಯಲ್ಲಿ ಹತ್ತು ಜನ ಬೇಕಂತೆ. ಹತ್ತನೆಯದಾಗಿ ನನ್ನ ಹೆಸರು ಬರೆದಳು, ಕೇಳದೆ. ‘ಬರೀ ಹೆಸರು ತಂಗಿ, ನಿನ್ನ ಯಾರು ಓಡಸ್ತಾರ?’ ಆ ಮಾತು ನನ್ನನ್ನು ಚುಚ್ಚಿತು.

ತೊಗರಿ ಒಣಹಾಕುವ ದಿನ ಆಟವಿಲ್ಲ. ಉಳಿದ ದಿನ ಅಂಗಳವನ್ನು ಆಕೆಯೇ ಗುಡಿಸುತ್ತಿದ್ದಳು. ಒಂದು ಕಾಳು ಉಳಿದರೂ ಹುಡುಗಿಯರು ಜಾರಿ ಬೀಳುತ್ತಾರೆಂದು. ಬೆವರಿಳಿಸಿಕೊಂಡು ಮನೆಗೆ ಬಂದರೆ ಅತ್ತೆ ಆಕೆಗೆ ಬೆಲ್ಲ, ನೀರು ಕೊಡುವರು. ಆಕೆಯ ಪಾಲಿನ ರೊಟ್ಟಿ ಬಡಿದ ನನಗೆ ಯಾರೂ ಬೆಲ್ಲ ಕೊಡಲಿಲ್ಲ. ಆದರೆ ಉಣ್ಣಲು ಕೂತಾಗ ಮೊದಲ ರೊಟ್ಟಿ ಮುರಿದು ಅರ್ಧ ನನ್ನ ತಟ್ಟೆಗೆ ಹಾಕದೆ ಆಕೆ ಉಂಡದ್ದಿಲ್ಲ. ಅದೂ ನನಗೆ ಸೇರುತ್ತಿರಲಿಲ್ಲ.

ಎರಡನೆಯ ವರ್ಷದ ಒಂದು ಭಾನುವಾರ ಬೆಳಿಗ್ಗೆ ಬೂಟುಗಾಲಲ್ಲೇ ಹಿತ್ತಲ ಬಾಗಿಲಿಗೆ ಓಡಿ ಬಂದಳು.

‘ತಂಗಿ, ಕಲ್ಯಾಣದ ಹುಡುಗ್ಯಾರ ಬಸ್ಸು ದಾರ್ಯಾಗ ಕೆಟ್ಟು ನಿಂತದ. ನಾಕೇ ಮಂದಿ ಅದೀವಿ. ಐದ ಮಂದಿ ಇಲ್ಲಂದ್ರ ಆಟ ಸುರು ಆಗಂಗಿಲ್ಲ, ರೆಫ್ರಿ ಗಡಿಯಾರ ನೋಡಾಕತ್ತಾರ. ಹೋದ ತಿಂಗಳ ಒಮ್ಮೆ ಹಿಂಗ ಆಗ್ಯದ. ಈ ಸಲನೂ ಆದ್ರ ತಂಡದ ಹೆಸರೇ ಹೊಡದ ಹಾಕ್ತಾರ. ಬಾ.’

‘ನಂಗೇನ ಬರ್ತದ ಅಕ್ಕಾ?’

‘ನಿಂದ್ರಾಕ ಬರಂಗಿಲ್ಲೇನ? ಅವರು ಬರೂತನಾ ಅಷ್ಟ.’

‘ರೊಟ್ಟಿ ಹಂಚಿನ ಮ್ಯಾಲ ಅದಾವ’ ಎಂದೆ.

ಹಂಚನ್ನು ಆಗಲೇ ತೊಳೆದು ಗೋಡೆಗೆ ಆನಿಸಿಟ್ಟಿದ್ದೆ. ಆಕೆ ಅದನ್ನು ನೋಡಿದಳು, ನನ್ನನ್ನೂ ನೋಡಿದಳು. ‘ಆತು ಬಿಡು’ ಎಂದು ಹೊರಟುಹೋದಳು.

ಕಾಲು ಗಂಟೆ ಕಾದು, ಎದುರಿನ ತಂಡವೇ ಗೆದ್ದಿತೆಂದು ಸಾರಿದರಂತೆ. ಅಲ್ಲಿಗೆ ಆಕೆಯ ತಂಡ ಮುಗಿಯಿತು. ಮಿಲ್ಲಿನವರು ಕಂಬಕ್ಕೆ ಹಗ್ಗ ಕಟ್ಟಿ ತೊಗರಿಗೆ ಹೊದಿಸುವ ತಾಡಪತ್ರಿ ಒಣಹಾಕತೊಡಗಿದರು. ಅಂದು ಮಧ್ಯಾಹ್ನವೂ ಆಕೆ ರೊಟ್ಟಿ ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದಳು. ಮನೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲ. ನನಗೆ ಒಳಗೊಳಗೇ ಹಾಯೆನಿಸಿತ್ತು, ಅದನ್ನು ಮುಚ್ಚಿಡಲಾರೆ.

ಹೋದ ವರ್ಷ ಆಕೆ ತೀರಿಕೊಂಡಳು. ಮೂರನೆಯ ದಿನ ಬಸವಕಲ್ಯಾಣದ ಐವರೂ ಬಂದರು, ಈಗ ಮಕ್ಕಳೊಂದಿಗರು. ಒಬ್ಬಳು ನನ್ನ ಕೈ ಹಿಡಿದು ಕೇಳಿದಳು:

‘ಅವತ್ತ ನಿಮಗ ಭಾಳ ಜ್ವರ ಇತ್ತಂತಲ್ರಿ? “ಪಾಪ, ಎದ್ದು ಹೊಂಟಿದ್ಳು, ನಾನೇ ಬ್ಯಾಡ ಅಂದೆ, ತಂಡ ಕೆಡಿಸಿದಾಕಿ ನಾನು” ಅಂತಿದ್ರು ಅಕ್ಕ.’

ಇಷ್ಟು ವರ್ಷ ಅವರ ಬೈಗುಳವನ್ನು ಆಕೆಯೇ ಉಂಡಿದ್ದಳು. ಮಾಡಿದ್ದು ನಾನು, ಅದರಲ್ಲೂ ಒಳ್ಳೆಯವಳಾದದ್ದು ಆಕೆ. ಸಾವಿನ ಮನೆಯಲ್ಲಿ ಕೂತು ನನಗೆ ಆಕೆಯ ಮೇಲೆ ಹೊಟ್ಟೆಕಿಚ್ಚಾಯಿತು.

‘ಹೌದ್ರಿ,’ ಎಂದೆ, ‘ಭಾಳ ಇತ್ತು.’