ಕುರುಗೋಡಿನ ಚಪ್ಪರದಲ್ಲಿ ಎಣಿಸಿದ್ದು

ಬಿ.ಎ. ಮುಗಿಸಿ ಬಳ್ಳಾರಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ನಲವತ್ತರ ದಶಕದ ಕೊನೆ. ಊರೂರಿನ ಸಾರ್ವಜನಿಕ ತೋಟಗಳಲ್ಲಿ ಜನ ಕೂರಲೆಂದು ಹಾಕಿಸಿದ್ದ ಹುಲ್ಲಿನ ಚಪ್ಪರಗಳ ಫೋಟೋ ತೆಗೆಸಿ ತರುವ ಕೆಲಸ ನನ್ನ ಪಾಲಿಗೆ ಬಂತು. ಚಪ್ಪರದ ಎತ್ತರ ತಿಳಿಯಲೆಂದು ಪ್ರತಿ ಫೋಟೋದಲ್ಲೂ ಒಬ್ಬ ಮನುಷ್ಯ ಇರಬೇಕೆಂದು ಸಾಹೇಬರು ಹೇಳಿದ್ದರು. ಮನುಷ್ಯ ಎಷ್ಟು ಎತ್ತರ ಇರಬೇಕೆಂದು ಹೇಳಿರಲಿಲ್ಲ.

ನನ್ನ ಜೊತೆ ಬರುತ್ತಿದ್ದ ಫೋಟೋದವರು ತೆಲುಗಿನಲ್ಲಿ ಎಣಿಸುತ್ತಿದ್ದರು. ಮೂರು ಕಾಲಿನ ಕ್ಯಾಮೆರಾದ ಮುಚ್ಚಳ ತೆಗೆದು ‘ಒಕಟಿ’ ಎಂದು ಒಂದರಿಂದ ಶುರುಮಾಡಿದರೆ ಎದುರಿನವರು ಉಸಿರು ಹಿಡಿಯಬೇಕು. ಎಣಿಕೆ ಮುಗಿದು ಮುಚ್ಚಳ ಬೀಳುವವರೆಗೆ ಕದಲಬಾರದು. ಬಳ್ಳಾರಿಯಲ್ಲಿ ಸರಿಹೋಯಿತು. ಸಿರುಗುಪ್ಪದಲ್ಲಿ ತೋಟದ ಮಾಲಿ ಐದಕ್ಕೇ ಎಮ್ಮೆ ನೋಡಲು ತಿರುಗಿದ. ಫೋಟೋದಲ್ಲಿ ಅವನಿಗೆ ಎರಡು ಮೂಗು ಬಂದವು. ಮುಂದಿನ ವಾರ ಕುರುಗೋಡಿಗೆ ಹೋಗುವಾಗ ಫೋಟೋದವರು ಆ ಫೋಟೋವನ್ನು ಜೇಬಿನಲ್ಲಿಟ್ಟುಕೊಂಡೇ ಬಂದರು.

ಅಲ್ಲಿನ ಮಾಲಿ ಮುದುಕ. ಫೋಟೋಕ್ಕೆಂದು ರುಮಾಲು ಒಗೆದು ಸುತ್ತಿಕೊಂಡಿದ್ದ.

“ನೋಡು ತಾತಾ, ಅಲ್ಲಾಡಿದ್ರ ಹಿಂಗ ಆಗ್ತದ,” ಎಂದು ಫೋಟೋದವರು ಎರಡು ಮೂಗು ತೋರಿಸಿದರು.

ಮುದುಕ ಬಹಳ ಹೊತ್ತು ನೋಡಿದ. “ಇವಗ ಹೆಂಡ್ತಿ ಅದಾಳೇನ್ರಿ?”

“ಅದಾಳ.”

“ಪಾಪ, ಆಕಿ.” ಚಪ್ಪರದೊಳಗಿನ ಕಲ್ಲುಬೆಂಚಿನ ಮೇಲೆ ಕೂತು ಮೊಣಕಾಲ ಮೇಲೆ ಕೈ ಊರಿದ. “ನಾ ಅಲ್ಲಾಡಂಗಿಲ್ಲ ಬಿಡ್ರಿ.”

ಒಳಗೆ ಮಬ್ಬು ಇದ್ದುದರಿಂದ ಹನ್ನೆರಡರವರೆಗೆ ಎಣಿಸುವುದೆಂದಾಯಿತು. ‘ನಾಲುಗು’ ಎನ್ನುವಾಗ ಮೇಲಿನ ಹುಲ್ಲಿನಿಂದ ನಾಗರಹಾವೊಂದು ಜಾರಿ ಮುದುಕನ ಹೆಗಲ ಮೇಲೆ ಬಿತ್ತು. ಎದೆಯ ಮೇಲಿಂದ ಇಳಿದು ತೊಡೆಯ ಮೇಲೆ ನಿಂತು ಹೆಡೆ ಬಿಚ್ಚಿತು. ಮುದುಕನ ಕಣ್ಣು ದೊಡ್ಡವಾದವು. ಬೇರೇನೂ ಕದಲಲಿಲ್ಲ. ಫೋಟೋದವರು ಕೈಗಡಿಯಾರ ನೋಡುತ್ತ ‘ತೊಮ್ಮಿದಿ’ಗೆ, ಒಂಬತ್ತಕ್ಕೆ, ಬಂದಿದ್ದರು.

ನಾನು ಕೂಗಿದರೆ ಮುದುಕ ಹಾರಿ ಬೀಳುತ್ತಾನೆ. ಮುಚ್ಚಳ ಹಾಕಿದರೆ ಏಳುತ್ತಾನೆ. ಹಾಗೆಂದು ಹೇಳಿಕೊಟ್ಟವರೇ ನಾವು. ಕಾಲೇಜಿನಲ್ಲಿ ಓದಿದ್ದು ಯಾವುದೂ ನೆನಪಿಗೆ ಬರಲಿಲ್ಲ.

“ನಿಲ್ಲಿಸಬ್ಯಾಡ್ರಿ,” ಎಂದೆ ಮೆಲ್ಲಗೆ.

“ಬೆಳಕು ಹೆಚ್ಚಾದ್ರ ಪ್ಲೇಟು ಕೆಟ್ಟು ಹೋಗ್ತದ ಸ್ವಾಮಿ.”

“ಕೆಡ್ಲಿ. ಎಣಸ್ರಿ.”

ಅವರು ತಲೆ ಎತ್ತಿ ಹಾವನ್ನು ನೋಡಿದರು. ಆಮೇಲೆ ಅವರ ದನಿ ತೆಳುವಾಯಿತು, ಆದರೆ ಒಂದು ಅಂಕೆಯೂ ತಪ್ಪಲಿಲ್ಲ. ಇಪ್ಪತ್ತಕ್ಕೆ ಹೆಡೆ ಇಳಿಯಿತು. ಮೂವತ್ತಕ್ಕೆ ಹಾವು ಮುದುಕನ ಕಾಲಿನಗುಂಟ ಹರಿಯಿತು. ನಲವತ್ತೊಂದಕ್ಕೆ ಬಾಲವೂ ಹಿಂದಿನ ಕಲ್ಲುಗಳ ಸಂದಿಗೆ ಹೋಯಿತು. ಫೋಟೋದವರು ಇರಲೆಂದು ಐವತ್ತರವರೆಗೆ ಎಣಿಸಿ ಮುಚ್ಚಳ ಹಾಕಿದರು.

“ಮುಗೀತೇನ್ರಿ?” ಎಂದ ಮುದುಕ, ತುಟಿ ಅಲುಗಿಸದೆ.

“ಮುಗೀತು.”

ಆಗ ಎದ್ದು ಹೊರಗೆ ಬಂದ. ಹತ್ತು ಹೆಜ್ಜೆ ನಡೆದ ಮೇಲೆ ರುಮಾಲು ಬಿಚ್ಚಿ ನೆಲದ ಮೇಲೆ ಕೂತ. ನಾನು ನೀರು ತಂದುಕೊಟ್ಟೆ.

“ಧಣೇರ, ಮೂಗು ಒಂದ ಬಂದೈತಲ್ರಿ?”

ಮೂಗೇ ಬಂದಿರಲಿಲ್ಲ. ಬಳ್ಳಾರಿಯಲ್ಲಿ ತೊಳೆದಾಗ ಫೋಟೋ ಪೂರಾ ಬೆಳ್ಳಗಿತ್ತು. ಸಾಹೇಬರು ಕಿಟಕಿಗೆ ಹಿಡಿದು ನೋಡಿದರು.

“ಇದರಲ್ಲಿ ಮನುಷ್ಯ ಎಲ್ರೀ?”

“ಇದ್ದಾನೆ ಸಾರ್,” ಎಂದೆ.

ಇನ್ನೊಂದು ತೆಗೆಸಿಕೊಂಡು ಬರಲು ಹೇಳಿದರು. ಹೋದೆವು. ಮುದುಕ ಮೊದಲು ಕೋಲಿನಿಂದ ಚಪ್ಪರದ ಹುಲ್ಲನ್ನೆಲ್ಲ ತಿವಿದು, ಆಮೇಲೆ ಕೂತ. ಹನ್ನೆರಡಕ್ಕೆ ಮುಗಿಯಿತು. ಮೂಗು ಒಂದೇ ಬಂತು.

ಈಗಲೂ ಒಮ್ಮೊಮ್ಮೆ ತೆಲುಗಿನಲ್ಲಿ ಎಣಿಸಲು ತೊಡಗುತ್ತೇನೆ. ಹನ್ನೆರಡಕ್ಕೆ ಬಂದರೆ ಬಾಯಿ ನಿಲ್ಲುತ್ತದೆ, ಕಣ್ಣ ಮುಂದೆ ಮುದುಕ ತೊಡೆಯ ಮೇಲೆ ಹಾವಿರುವಂತೆಯೇ ಏಳತೊಡಗುತ್ತಾನೆ. ಮತ್ತೆ ಒಂದರಿಂದ ಎಣಿಸುತ್ತೇನೆ.