ಹುಳ ಅಂದರೆ ಏನು

ಆ ದಿನದ ರೆಕಾರ್ಡಿಂಗ್ ಇನ್ನೂ ನನ್ನ ಮೊಬೈಲಿನಲ್ಲಿದೆ. ಅಳಿಸಲು ಮನಸ್ಸಾಗಿಲ್ಲ. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಮತ್ತೆ ಮತ್ತೆ ಕೇಳುತ್ತೇನೆ.

ನಾನು ಕನ್ನಡ ಸಾಹಿತ್ಯ ಕಲಿಸುವವಳು. ಬಾಗಲಕೋಟೆಯಲ್ಲಿ ಡಾಕ್ಟರಾಗಿರುವ ನನ್ನ ಗೆಳತಿ ಮೈಸೂರು ಕಡೆಯವಳು. ಹೊರಗಿನಿಂದ ಬರುವ ಡಾಕ್ಟರುಗಳಿಗೆ ಇಲ್ಲಿಯ ರೋಗಿಗಳ ಮಾತು ತಿಳಿಯಲೆಂದು ನಾವಿಬ್ಬರೂ ಒಂದು ಸಣ್ಣ ಪುಸ್ತಕವನ್ನೂ ಅದರ ಜೊತೆ ಕೇಳುವ ಪಾಠಗಳನ್ನೂ ಸಿದ್ಧಮಾಡುತ್ತಿದ್ದೆವು. ಬ್ಯಾನಿ ಅಂದರೆ ನೋವು, ಜಡ್ಡು ಅಂದರೆ ಕಾಯಿಲೆ, ಹೀಗೆ. ಇಳಕಲ್ಲಿನ ನಮ್ಮ ಓಣಿಯಲ್ಲಿ ಪವರ್‌ಲೂಮಿನ ಸದ್ದು ನಿಲ್ಲುವುದಿಲ್ಲವಾದ್ದರಿಂದ ಗುಡೂರಿಗೆ, ಅವ್ವನ ತಂಗಿ ಚಿಗವ್ವನ ಮನೆಗೆ ಹೋಗಿದ್ದೆವು.

ಚಿಗವ್ವನ ದನಿಯನ್ನೇ ಪಾಠಕ್ಕೆ ಬಳಸುತ್ತಿದ್ದೆವು. ಅವಳಿಗೆ ಅದೊಂದು ಆಟ. ಗೆಳತಿಯನ್ನು ಕಾಡಿಸುತ್ತಲೇ ಇದ್ದಳು.

"ಡಾಕ್ಟರಬಾಯಾರ, ನೀವು ಮಾತಾಡಿದ್ರ ಯಾರೋ ರೇಡಿಯೋ ಹಚ್ಚಿದಂಗ ಆಗ್ತೈತ್ರಿ."

ಗೆಳತಿಯೂ ನಕ್ಕಳು. ತನ್ನದೂ ಕನ್ನಡವೇ ಅಲ್ಲವೇ ಎಂದು ವಾದಿಸಿದಳು. ಹೌದು, ಆದರೆ ಇಸ್ತ್ರಿ ಮಾಡಿದ್ದು ಎಂದು ಹೇಳಿ ಚಿಗವ್ವ ಚಹಾಕ್ಕೆ ಒಲೆ ಹೊತ್ತಿಸಲೆಂದು ಹಿತ್ತಲಿನ ರಾಶಿಯಿಂದ ಸಗಣಿಯ ಕುಳ್ಳು ತರಲು ಹೋದಳು. ಮೊಬೈಲ್ ರೆಕಾರ್ಡ್ ಆಗುತ್ತಲೇ ಇತ್ತು.

ತಿರುಗಿ ಬಂದವಳ ಕೈಯಲ್ಲಿ ಕುಳ್ಳು ಇರಲಿಲ್ಲ. ಹೊಸ್ತಿಲ ಮೇಲೆ ಕೂತು ಪಾದ ಹಿಡಿದುಕೊಂಡು, ಯಾವ ಗಾಬರಿಯೂ ಇಲ್ಲದ ದನಿಯಲ್ಲಿ ಹೇಳಿದಳು: "ಹುಳ ಮುಟ್ಟಿತು ನೋಡವಾ."

ಆಮೇಲೆ ಕೇಳಿಸುವುದು ಗೆಳತಿಯ ಮೃದುವಾದ ಮಾತು. ಯಾವ ಹುಳ ಅಮ್ಮ, ಸೋಪಿನಿಂದ ತೊಳೆಯೋಣ, ಮಾತ್ರೆ ಕೊಡ್ತೀನಿ. ಬ್ಯಾಗಿನ ಜಿಪ್ ಎಳೆದ ಸದ್ದು. ಅದರ ಮೇಲೆ ನನ್ನ ದನಿ, ನನ್ನದೇ ಅನ್ನಿಸದ ದನಿ: "ಹಾವು. ಹಾವು ಕಡದೈತಿ."

"ಮನ್ಯಾಗ ಹೆಸರು ತಗೀಬ್ಯಾಡವಾ," ಎಂದಳು ಚಿಗವ್ವ.

ಹೆಸರು ಹಿಡಿದರೆ ಅದು ಮನೆಗೆ ಬರುತ್ತದೆಂದು ನಮ್ಮಲ್ಲಿ ಮನೆಯೊಳಗೆ ಹಾವೆಂದು ಹೇಳುವುದಿಲ್ಲ. ಹುಳ ಎಂದರೆ ಸಾಕು, ಇಲ್ಲಿ ಹುಟ್ಟಿದವರಿಗೆ ತಿಳಿಯುತ್ತದೆ.

ಗೆಳತಿ ಬ್ಯಾಗು ಅಲ್ಲಿಯೇ ಬಿಟ್ಟಳು. ಪಕ್ಕದ ಮನೆಯವರು ಹಗ್ಗದಿಂದ ಕಾಲು ಬಿಗಿಯಲು ಬಂದಾಗ ತಡೆದಳು. ಒಂದು ಹೆಜ್ಜೆಯನ್ನೂ ಇಡಗೊಡದೆ ಚಿಗವ್ವನನ್ನು ಎತ್ತಿಸಿ ತನ್ನ ಕಾರಿನಲ್ಲಿ ಮಲಗಿಸಿದಳು. ದಾರಿಯಲ್ಲಿ ಚಿಗವ್ವನ ರೆಪ್ಪೆಗಳು ಜೋತುಬಿದ್ದವು, ಮಾತು ತೊದಲತೊಡಗಿತು. ದವಾಖಾನೆಯಲ್ಲಿ ಏನಾಯಿತೆಂದು ನರ್ಸ್ ಕೇಳಿದಾಗ ಚಿಗವ್ವ ಮತ್ತೆ ಹುಳ ಮುಟ್ಟಿತು ಎಂದೇ ಹೇಳಿದಳು. ನರ್ಸ್ ಇದೇ ಕಡೆಯ ಹುಡುಗಿ. ಇನ್ನೊಂದು ಪ್ರಶ್ನೆ ಕೇಳದೆ ಡಾಕ್ಟರನ್ನು ಕರೆಯಲು ಓಡಿದಳು.

ಚಿಗವ್ವ ಬದುಕಿದಳು. ಈಗ ಆರಾಮಾಗಿದ್ದಾಳೆ. ಆರಾಮಿಲ್ಲದವಳು ನಾನು. ಆ ಹೊತ್ತಿನಲ್ಲಿ ನಾನು ಹಾಲು ತರಲು ಅಂಗಡಿಗೆ ಹೋಗಿದ್ದರೆ? ಮನೆಯಲ್ಲಿ ಉಳಿಯುತ್ತಿದ್ದ ಇಬ್ಬರೂ ಕನ್ನಡವನ್ನೇ ಆಡುವವರು, ಒಬ್ಬಳು ಡಾಕ್ಟರ್ ಬೇರೆ. ತಪ್ಪು ಯಾರದೂ ಅಲ್ಲ, ಆದರೂ ಒಂದು ಜೀವ ಹೋಗುತ್ತಿತ್ತು. ಕಷ್ಟದ ಪದಗಳನ್ನೆಲ್ಲ ಹುಡುಕಿ ಹುಡುಕಿ ಪುಸ್ತಕಕ್ಕೆ ಸೇರಿಸಿದ್ದೆವು. ಹುಳ ಯಾರಿಗೂ ಕಷ್ಟದ ಪದವಲ್ಲ. ಅದಕ್ಕೇ ಅದು ಅಲ್ಲಿರಲಿಲ್ಲ.

ಆ ಮಾತನ್ನು ಪಾಠಕ್ಕೆ ಹಾಕಬಹುದೇ ಎಂದು ಗೆಳತಿ ಹಿಂಜರಿಯುತ್ತಲೇ ಚಿಗವ್ವನನ್ನು ಕೇಳಿದಳು. ಚಿಗವ್ವ ಒಪ್ಪಿದಳು.

"ನನ್ನ ದನಿ ಹಾಕ್ರಿ. ಅದರ ಅರ್ಥ ಹೇಳೂದೇನೈತಿ, ಅದನ್ನ ಹೊರಗ ಹೋಗಿ ಹೇಳ್ರಿ."

ಊರು ದಾಟಿ ಹೊಲದ ಬದಿಗೆ ಕಾರು ನಿಲ್ಲಿಸಿದೆವು. ಗಾಜು ಏರಿಸಿ ಮೊಬೈಲ್ ಹಿಡಿದೆ. ಅರ್ಥ ಹೇಳುವ ಸಾಲನ್ನು ಓದಬೇಕಾದವಳು ನಾನು, ಹೊರಗೆ ಬಂದರೂ ಆ ಹೆಸರಿಗೆ ಬಾಯಿ ಬರಲಿಲ್ಲ. ಗೆಳತಿ ನನ್ನ ಕೈಯಿಂದ ಮೊಬೈಲ್ ತೆಗೆದುಕೊಂಡು ತನ್ನ ರೇಡಿಯೋ ಕನ್ನಡದಲ್ಲಿ ನಿಧಾನವಾಗಿ ಹೇಳಿದಳು: "ಈ ಭಾಗದಲ್ಲಿ ಹುಳ ಮುಟ್ಟಿತು ಎಂದು ಯಾರಾದರೂ ಹೇಳಿದರೆ, ಹಾವು ಕಚ್ಚಿದೆ ಎಂದು ತಿಳಿಯಿರಿ. ಯಾವ ಹುಳ ಎಂದು ಕೇಳುತ್ತಾ ಕೂರಬೇಡಿ."